ಒಂದನೇ ತರಗತಿಯ ಮೊದಲ ಆರು ವಾರಗಳನ್ನು ಮಕ್ಕಳಿಗೆ ಬಿಟ್ಟುಕೊಡಿ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಒಂದನೇ ತರಗತಿಗೆ ಸೇರುವ ಮಕ್ಕಳ ಮನಸ್ಸು ಶಾಲೆಗೆ ಒಗ್ಗಿಕೊಳ್ಳಲು ಬೇಕಾದ ಸಮಯ ಮತ್ತು ಆಸರೆಯನ್ನು ಒದಗಿಸುವ ಕುರಿತು.

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದ ಶಿಕ್ಷಕಿ. ನಾನು ಕೆಲಸಕ್ಕೆ ಸೇರಿದಾಗ ನಮ್ಮದಿನ್ನೂ ಧಾರವಾಡ ಜಿಲ್ಲೆಯಾಗಿತ್ತು. 2009-10ರಲ್ಲಿ, ಆಟ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಬಂದ ವರ್ಷದಿಂದ ನಿವೃತ್ತಿಯವರೆಗೂ ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳ ನಡುವೆ ನೆಲದ ಮೇಲೆಯೇ ಕುಳಿತವಳು. ಹೊಸ ಪಠ್ಯವನ್ನಾಗಲಿ, ಹೊಸ ಯೋಜನೆಯನ್ನಾಗಲಿ ಕೇಳಲು ಈ ಪತ್ರ ಬರೆಯುತ್ತಿಲ್ಲ. ಪ್ರತಿ ವರ್ಷ ಮೇ ತಿಂಗಳ ಕೊನೆಯಿಂದ ಜುಲೈ ನಡುವಿನವರೆಗೆ ನಮ್ಮ ಒಂದನೇ ತರಗತಿಗಳಲ್ಲಿ ನಡೆಯುವ, ಯಾವ ವರದಿಯಲ್ಲೂ ದಾಖಲಾಗದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ.

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರ ಜುಲೈನಲ್ಲಿ ಆದೇಶವಾಯಿತು. 2025-26ರಿಂದ ಅದು ಜಾರಿಗೆ ಬರಬೇಕಿದ್ದಾಗ ಪೋಷಕರ ಒತ್ತಾಯಕ್ಕೆ ಮಣಿದು, ಎಲ್‌ಕೆಜಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳೆಂದು ಸಡಿಲಿಸಲಾಯಿತು. ಆ ಏಪ್ರಿಲ್ ತಿಂಗಳಿಡೀ ಪತ್ರಿಕೆಗಳಲ್ಲಿ, ಟಿವಿಯಲ್ಲಿ, ನಮ್ಮೂರ ಬಸ್ ನಿಲ್ದಾಣದಲ್ಲಿ ಕೂಡ ಈ ಏಳು ತಿಂಗಳ ಲೆಕ್ಕದ್ದೇ ಮಾತು. ಏಳು ತಿಂಗಳು ಚಿಕ್ಕ ಮಾತೆಂದು ನಾನು ಹೇಳುವುದಿಲ್ಲ. ಐದೂವರೆ ವರ್ಷದ ಮಗುವಿಗೂ ಆರು ತುಂಬಿದ ಮಗುವಿಗೂ ಇರುವ ವ್ಯತ್ಯಾಸ ಪೆನ್ಸಿಲ್ ಹಿಡಿಯುವ ಬೆರಳಿನಲ್ಲೇ ಕಾಣುತ್ತದೆ. ಆದರೆ ಅಷ್ಟು ದೊಡ್ಡ ಚರ್ಚೆಯಲ್ಲಿ, ಆ ಮಗು ಐದೂವರೆಯದ್ದಾಗಲಿ ಆರರದ್ದಾಗಲಿ, ಮೊದಲ ದಿನ ಅವ್ವನ ಸೆರಗು ಬಿಟ್ಟು ಒಳಗೆ ಬಂದ ಮೇಲೆ ಅದಕ್ಕೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಜನನ ಪ್ರಮಾಣಪತ್ರ ನೋಡಿ ವಯಸ್ಸು ಹೇಳಬಹುದು, ಮಗು ಕಲಿಯಲು ಅಣಿಯಾಗಿದೆಯೋ ಇಲ್ಲವೋ ಎಂದು ಹೇಳಲಾಗದು.

ಚಿಕ್ಕ ಮಕ್ಕಳು ತಮಗೆ ಹೆದರಿಕೆಯಾಗುತ್ತಿದೆ ಎಂದು ಹೇಳುವುದಿಲ್ಲ. "ಅಕ್ಕೋರ, ಹೊಟ್ಟಿ ನೋಯಾಕತ್ತೈತ್ರಿ" ಎನ್ನುತ್ತಾರೆ. ಪ್ರತಿ ಜೂನ್‌ನಲ್ಲಿ ಪ್ರಾರ್ಥನೆ ಮುಗಿದು ಒಳಗೆ ಬಂದ ಅರ್ಧ ಗಂಟೆಯೊಳಗೆ ಮೂರು ನಾಲ್ಕು ಮಕ್ಕಳಿಗೆ ಹೊಟ್ಟೆ ನೋಯುತ್ತಿತ್ತು, ಬಿಸಿಯೂಟದ ತಟ್ಟೆ ಕೈಗೆ ಬರುವ ಹೊತ್ತಿಗೆ ಕಡಿಮೆಯಾಗುತ್ತಿತ್ತು. ಇದನ್ನು ಕಳ್ಳಾಟವೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ಕಳ್ಳಾಟವಲ್ಲ, ಆ ನೋವು ನಿಜವಾದದ್ದೇ ಎಂದು ಅರ್ಥವಾಗಲು ನನ್ನ ಮಗಳೇ ಶಾಲೆಗೆ ಹೋಗುವ ವಯಸ್ಸಿಗೆ ಬರಬೇಕಾಯಿತು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಅಳುವ ಮಗುವನ್ನು ಒಳಗೆ ಎಳೆದುಕೊಂಡು ಬಾಗಿಲಿಗೆ ಚಿಲಕ ಹಾಕಿದವಳು ನಾನು. "ಎರಡ ಏಟ ಹಾಕ್ರಿ ಅಕ್ಕೋರ, ತಾನ ಸುಮ್ಮನಕ್ಕೈತಿ" ಎಂದು ತಂದೆಯೇ ಹೊರಗೆ ನಿಂತು ಹೇಳುತ್ತಿದ್ದ ಕಾಲ ಅದು. ನಾನು ಎರಡು ಏಟು ಹಾಕಿದ್ದೂ ಉಂಟು. ಮಗು ಸುಮ್ಮನಾಗುತ್ತಿತ್ತು, ನಿಜ. ಆದರೆ ಹಾಗೆ ಸುಮ್ಮನಾದ ಮಗು ಸೆಪ್ಟೆಂಬರ್‌ವರೆಗೂ ಸುಮ್ಮನೇ ಇರುತ್ತಿತ್ತು. ಕೇಳಿದ್ದಕ್ಕೆ ತಲೆಯಾಡಿಸುತ್ತಿತ್ತು, ಅಕ್ಷರ ತಿದ್ದು ಎಂದರೆ ತಿದ್ದುತ್ತಿತ್ತು, ಮರುದಿನ ಅದೇ ಅಕ್ಷರ ತೋರಿಸಿದರೆ ನನ್ನ ಮುಖವನ್ನೇ ನೋಡುತ್ತಿತ್ತು. ಅಕ್ಷರವನ್ನು ನೋಡುವುದಕ್ಕಿಂತ ನನ್ನ ಮುಖದಲ್ಲಿ ಸಿಟ್ಟಿದೆಯೇ ಎಂದು ನೋಡುವುದು ಅದಕ್ಕೆ ಹೆಚ್ಚು ಮುಖ್ಯವಾಗಿತ್ತು. ಅಂಥ ಮಕ್ಕಳನ್ನು ನಾವು ಸಿಬ್ಬಂದಿ ಕೋಣೆಯಲ್ಲಿ "ದಡ್ಡ" ಎಂದು ಕರೆದೆವು. ಈಗ ಅವರಿಗೆಲ್ಲ ಮೂವತ್ತು ದಾಟಿರಬೇಕು.

ನಲಿ-ಕಲಿ ನನ್ನನ್ನು ಬದಲಿಸಿತು ಎಂದರೆ ಅತಿಶಯೋಕ್ತಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಇದು. ನಮ್ಮ ರಾಜ್ಯದ ಶಿಕ್ಷಕರ ಕೈಯಿಂದಲೇ ಬಂದದ್ದು. ಬೆಂಚು ತೆಗೆದು ಮಕ್ಕಳನ್ನು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ ಕೂರಿಸಿದರು. ಮಕ್ಕಳ ಚಿತ್ರಗಳನ್ನು ತಲೆಯ ಮೇಲಿನ ಚಪ್ಪರಕ್ಕೆ ತೂಗುಹಾಕಿದರು. ಕಲಿಕಾ ಏಣಿಯ ಮೇಲೆ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಇರುವುದು. ಇದನ್ನು ಶಿಕ್ಷಕರ ಕೊರತೆಯನ್ನು ಮುಚ್ಚುವ ಉಪಾಯವೆಂದು ಟೀಕಿಸುವವರಿದ್ದಾರೆ, ಆ ಟೀಕೆಯಲ್ಲಿ ಹುರುಳೂ ಇದೆ. ಆದರೆ ಅಳುವ ಒಂದನೇ ತರಗತಿಯ ಮಗುವನ್ನು ಮೂರನೇ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂರಿಸಿಕೊಂಡು ಮಣಿ ಪೋಣಿಸುತ್ತ ಸಮಾಧಾನ ಮಾಡುವುದನ್ನು ನೋಡಿದವರಿಗೆ, ಆ ಕೆಲಸವನ್ನು ಯಾವ ದೊಡ್ಡವರೂ ಅಷ್ಟು ಚೆನ್ನಾಗಿ ಮಾಡಲಾರರೆಂಬುದು ಗೊತ್ತಿರುತ್ತದೆ.

ಅಲ್ಲಿಯೂ ನಾನು ಎಡವಿದ್ದೇನೆ. ನಲಿ-ಕಲಿ ಕೋಣೆಯಲ್ಲಿ ಹವಾಮಾನ ನಕ್ಷೆ ಇರುತ್ತದೆ; ಅಂದು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳು ಗುರುತು ಹಾಕುತ್ತಾರೆ. ಅದನ್ನು ನೋಡಿ ನನಗೊಂದು ಆಲೋಚನೆ ಬಂತು. ರಟ್ಟಿನ ಮೇಲೆ ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ ಬರೆದು ಗೋಡೆಗೆ ಅಂಟಿಸಿ, ಬೆಳಿಗ್ಗೆ ಬಂದೊಡನೆ ಇವತ್ತು ನಿಮಗೆ ಹೇಗನಿಸುತ್ತಿದೆಯೋ ಆ ಮುಖದ ಕೆಳಗೆ ನಿಮ್ಮ ಹುಣಸೆಬೀಜ ಇಡಿ ಎಂದೆ. ಮೊದಲ ದಿನ ಬೀಜಗಳು ಮೂರೂ ಕಡೆ ಬಿದ್ದವು. ನಗುವ ಮುಖದ ಕೆಳಗೆ ಇಟ್ಟವರಿಗೆ ನಾನು ಅರಿವಿಲ್ಲದೆ "ಶಾಬಾಷ್" ಎಂದಿದ್ದೆ. ನಾಲ್ಕನೆಯ ದಿನದ ಹೊತ್ತಿಗೆ, ಮೂಗು ಸೋರುತ್ತ ಬಿಕ್ಕುತ್ತಿದ್ದ ಮಗು ಕೂಡ ತನ್ನ ಬೀಜವನ್ನು ನಗುವ ಮುಖದ ಕೆಳಗೇ ಇಟ್ಟಿತು. ಮಕ್ಕಳಿಗೆ ನಾನು ಭಾವನೆಯನ್ನು ಹೇಳಿಕೊಳ್ಳಲು ಕಲಿಸಿರಲಿಲ್ಲ, ಅಕ್ಕೋರಿಗೆ ಬೇಕಾದ ಉತ್ತರ ಕೊಡಲು ಕಲಿಸಿದ್ದೆ. ಮತ್ತೆ ಶುರುಮಾಡಿದಾಗ ಶಾಬಾಷ್ ಬಿಟ್ಟೆ. ಅಳುವ ಮುಖಕ್ಕೆ ಬೀಜ ಬಿದ್ದ ದಿನ ಆ ಮಗುವನ್ನು ಏನೂ ಕೇಳದೆ ನನ್ನ ಪಕ್ಕಕ್ಕೆ ಕೂರಿಸಿಕೊಂಡೆ. ಈ ಪ್ರಸಂಗವನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮನಸ್ಸಿನ ಸಿದ್ಧತೆ ಎಂದಾಗ ಅದು ಆಪ್ತಸಮಾಲೋಚಕರ ಕೆಲಸವೆಂದು, ನಗರದ ಮಾತೆಂದು ಹಲವರು ಭಾವಿಸುತ್ತಾರೆ. ನಾನು ಕಂಡ ಒಂದು ಮಗುವಿನ ವಿಷಯದಲ್ಲಿ ಅದು ಶೌಚಾಲಯದ ಬೀಗದ ಮಾತಾಗಿತ್ತು. ಕ್ಷೀರಭಾಗ್ಯದ ಹಾಲನ್ನು ಆ ಹುಡುಗಿ ದಿನವೂ ಪಕ್ಕದವಳ ಲೋಟಕ್ಕೆ ಸುರಿದುಬಿಡುತ್ತಿದ್ದಳು, ನೀರನ್ನೂ ಕುಡಿಯುತ್ತಿರಲಿಲ್ಲ. ಹಾಲು ಸೇರುವುದಿಲ್ಲವೇನೋ ಎಂದುಕೊಂಡೆವು. ಎರಡು ವಾರವಾದ ಮೇಲೆ ಅವಳ ಅಜ್ಜಿ ಬಂದು ಹೇಳಿದ್ದು, ಒಂದಕ್ಕೆ ಹೋಗಬೇಕಾದರೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಬೀಗದ ಕೈ ಕೇಳಬೇಕಲ್ಲ, ಅದಕ್ಕೆ ಹೆದರಿ ಹುಡುಗಿ ಬೆಳಗಿನಿಂದ ಬಾಯಿಗೆ ನೀರು ಹಾಕುತ್ತಿಲ್ಲ ಎಂದು. ಮೊದಲ ವಾರವೇ ಒಮ್ಮೆ ಅವಳು ಕೂತಲ್ಲೇ ಒದ್ದೆ ಮಾಡಿಕೊಂಡಾಗ ನಾಲ್ಕು ಮಕ್ಕಳು ನಕ್ಕಿದ್ದರಂತೆ. ಅದು ನಡೆದಾಗ ನಾನು ಶಾಲೆಯಲ್ಲಿರಲಿಲ್ಲ, ತರಬೇತಿಯಲ್ಲಿದ್ದೆ. ಬೀಗದ ಕೈಯನ್ನು ನಮ್ಮ ಕೋಣೆಯ ಬಾಗಿಲಿನ ಮೊಳೆಗೆ, ಅವಳ ಕೈಗೆ ಎಟುಕುವಷ್ಟು ಕೆಳಗೆ ತೂಗುಹಾಕಿದೆವು. ಆ ತಿಂಗಳು ಮುಗಿಯುವುದರೊಳಗೆ ಅವಳು ಹಾಲು ಕುಡಿದಳು, ಹಾಡಿಗೆ ದನಿಗೂಡಿಸಿದಳು, ದಸರಾ ರಜೆಯ ಹೊತ್ತಿಗೆ ಕಲಿಕಾ ಏಣಿಯಲ್ಲಿ ತನ್ನ ಜೊತೆಯವರನ್ನು ದಾಟಿದ್ದಳು. ಇಷ್ಟಕ್ಕೂ ಬೇಕಾಗಿದ್ದು ಒಂದು ಮೊಳೆ.

ಇನ್ನೊಂದು ಮಗು ತಾಂಡಾದಿಂದ ಬರುತ್ತಿತ್ತು. ತಂದೆತಾಯಿ ಗೋವಾಕ್ಕೆ ಗುಳೆ ಹೋಗಿದ್ದರು, ಹುಡುಗ ಅಜ್ಜನ ಬಳಿ ಇದ್ದ. ಮನೆಯ ಮಾತು ಲಂಬಾಣಿ. ಅವನು "ಯಾಡಿ, ಯಾಡಿ" ಎಂದು ಅತ್ತರೆ ಉಳಿದ ಮಕ್ಕಳು ಅದನ್ನೇ ಅಣಕಿಸುತ್ತಿದ್ದರು. ಅವನು ಅವ್ವನನ್ನು ಕರೆಯುತ್ತಿದ್ದಾನೆ ಎಂದು ನನಗೆ ಹೇಳಿದವನು ಮೂರನೇ ತರಗತಿಯಲ್ಲಿದ್ದ ಅದೇ ತಾಂಡಾದ ಹುಡುಗ. ಆ ಹುಡುಗನನ್ನೇ ಗುರು ಮಾಡಿಕೊಂಡು ಹತ್ತು ಹನ್ನೆರಡು ಲಂಬಾಣಿ ಮಾತು ಕಲಿತೆ. ನನ್ನ ಉಚ್ಚಾರ ಕೇಳಿ ಅಳುತ್ತಿದ್ದವನೇ ನಗುತ್ತಿದ್ದ. ತುಳು, ಕೊಂಕಣಿ, ಉರ್ದು, ತೆಲುಗು, ಕೊಡವ ಮಾತಾಡುವ ಮನೆಗಳಿಂದ ಬರುವ ಮಕ್ಕಳಿಗೆ ಒಂದನೇ ತರಗತಿಯ ಕನ್ನಡವೇ ಹೊಸದು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದ ಮೇಲೆ ಕನ್ನಡದ ಮನೆಯ ಮಗುವಿಗೂ ಅದೇ ಪಾಡು ಬಂದಿದೆ. ಮಾಧ್ಯಮದ ವಾದವನ್ನು ಇಲ್ಲಿ ಎತ್ತುವುದಿಲ್ಲ. ನೀರು ಬೇಕು, ಹೊರಗೆ ಹೋಗಬೇಕು, ನನಗೆ ಹೊಡೆದರು ಎಂಬ ಮೂರು ಮಾತನ್ನು ತನ್ನ ಭಾಷೆಯಲ್ಲಿ ಹೇಳಿದರೆ ಅರ್ಥವಾಗುವ ಒಬ್ಬರಾದರೂ ಕೋಣೆಯಲ್ಲಿ ಇರಬೇಕೆಂಬುದಷ್ಟೇ ನನ್ನ ಮಾತು.

ಈಗ ನನ್ನ ದೂರಿಗೆ ಬರುತ್ತೇನೆ. ಮಗುವಿಗೆ ಶಿಕ್ಷಕಿ ಅತ್ಯಂತ ಹೆಚ್ಚು ಬೇಕಾಗಿರುವ ತಿಂಗಳು ಜೂನ್. ನಮ್ಮ ವ್ಯವಸ್ಥೆಯಲ್ಲಿ ಶಿಕ್ಷಕಿ ಮಗುವಿನ ಕೈಗೆ ಅತ್ಯಂತ ಕಡಿಮೆ ಸಿಗುವ ತಿಂಗಳೂ ಜೂನ್. ಪ್ರಾರಂಭೋತ್ಸವದ ದಿನ ತೋರಣ ಕಟ್ಟಿ, ಹೂವು ಕೊಟ್ಟು, ಸಿಹಿ ಹಂಚಿ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಮರುದಿನದಿಂದ ಎರಡು ಮತ್ತು ಮೂರನೇ ತರಗತಿಗೆ ಸೇತುಬಂಧ, ಅಂದರೆ ಹಿಂದಿನ ವರ್ಷದ ಕಲಿಕೆಯನ್ನು ಮತ್ತೆ ಗಟ್ಟಿಮಾಡಿಸುವ ಪಾಠ. ಅದರ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ, ಎರಡರ ದಾಖಲೆ. ಅದರ ನಡುವೆ ದಾಖಲಾತಿ ಆಂದೋಲನ, ಮಕ್ಕಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬುವುದು, ಆಧಾರ್‌ನ ಹೆಸರಿಗೂ ಜನನ ಪತ್ರದ ಹೆಸರಿಗೂ ಹೊಂದದಿದ್ದರೆ ಪೋಷಕರನ್ನು ಕರೆಸುವುದು, ಸಮವಸ್ತ್ರ ಪುಸ್ತಕಗಳ ಲೆಕ್ಕ, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆಗಿದ್ದರೆ ಮತದಾರರ ಪಟ್ಟಿ, ಇವುಗಳ ಮೇಲೆ ತರಬೇತಿ. ಒಂದು ವರ್ಷ ಶಾಲೆ ತೆರೆದ ಮೊದಲ 24 ಕೆಲಸದ ದಿನಗಳಲ್ಲಿ ನಾನು 9 ದಿನ ತರಗತಿಯಲ್ಲಿ ಇರಲಿಲ್ಲ. ನನ್ನ ಡೈರಿಯಲ್ಲಿ ಇಂದಿಗೂ ಲೆಕ್ಕವಿದೆ. ಅಷ್ಟೂ ದಿನ ಹೊಸ ಮಕ್ಕಳನ್ನು ಐದನೇ ತರಗತಿಯ ಕೋಣೆಯ ಹಿಂದಿನ ಸಾಲಿನಲ್ಲಿ ಕೂರಿಸಲಾಗಿತ್ತು. ಮೊದಲ ವಾರ ನನ್ನ ಮುಖಕ್ಕೆ ಹೊಂದಿಕೊಳ್ಳುತ್ತಿದ್ದ ಮಕ್ಕಳು ಎರಡನೆಯ ವಾರ ಮತ್ತೆ ಮೊದಲಿನಿಂದ ಅತ್ತವು.

ಹಾಗೆಂದು ಖಾಸಗಿ ಶಾಲೆಗಳ ಸ್ಥಿತಿ ಮೇಲೇನಲ್ಲ. ನಮ್ಮ ಪಟ್ಟಣದ ಶಾಲೆಯೊಂದರಲ್ಲಿ ಓದುವ ನನ್ನ ಮೊಮ್ಮಗನ ಡೈರಿಯಲ್ಲಿ ಮೂರನೆಯ ದಿನವೇ ಕೆಂಪು ಶಾಯಿಯಲ್ಲಿ ಒಂದು ಸಾಲು ಬಂತು: ತರಗತಿಯಲ್ಲಿ ಅಳುತ್ತಾನೆ, ಮನೆಯಲ್ಲಿ ತಿದ್ದಿ. ಮಗಳು ಆ ಸಾಲಿನ ಕೆಳಗೆ ಸಹಿ ಹಾಕಿ ಕಳಿಸಿದಳು, ಬೇರೆ ದಾರಿಯಿರಲಿಲ್ಲ. ಪ್ರವೇಶದ ವೇಳೆ ಮಗುವನ್ನು ಸೋಸುವ ಯಾವ ಪರೀಕ್ಷೆಯೂ ಇರಕೂಡದೆಂದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಆದರೂ ಅಲ್ಲಿ ಐದು ವರ್ಷದವನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ ಬಣ್ಣಗಳ ಇಂಗ್ಲಿಷ್ ಹೆಸರು ಕೇಳಿದರು. ಅವನು ಹೇಳಿದ, ಆದರೆ ಹೇಳುವಷ್ಟೂ ಹೊತ್ತು ಅವನ ಕೈ ನನ್ನ ಸೀರೆಯ ನೆರಿಗೆಯನ್ನು ಹಿಡಿದಿತ್ತು.

ಅದೇ ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಕಲಂ, ಪಠ್ಯಕ್ರಮವು ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಬೇಕೆನ್ನುತ್ತದೆ. ಕಾನೂನು 2009ರಿಂದಲೇ ಇದೆ. ಒಂದನೇ ತರಗತಿಯ ಮೊದಲ ಮೂರು ತಿಂಗಳು ಆಟದ ಮೂಲಕ ಶಾಲಾ ಸಿದ್ಧತೆಗೆಂದು ಎನ್‌ಸಿಇಆರ್‌ಟಿಯ ವಿದ್ಯಾಪ್ರವೇಶ ಕಾರ್ಯಕ್ರಮ 2021ರಲ್ಲಿ ಬಂತು. ನಲಿ-ಕಲಿಯಲ್ಲಿಯೂ ಸಿದ್ಧತಾ ಚಟುವಟಿಕೆಗಳಿವೆ. ಅದೇ ವರ್ಷ ಆರಂಭವಾದ ಕೇಂದ್ರದ ನಿಪುಣ್ ಭಾರತ ಯೋಜನೆಯ ಗುರಿಯೂ ಮಗು ಮೂರನೇ ತರಗತಿ ಮುಗಿಸುವಷ್ಟರಲ್ಲಿ ಓದು, ಬರಹ, ಲೆಕ್ಕ ಬರಬೇಕೆಂಬುದು. ಅಂದರೆ ಮೂರು ವರ್ಷದ ಕಾಲಾವಕಾಶವಿದೆ. ಹೀಗಿರುವಾಗ ಜೂನ್ ಮೂರನೆಯ ವಾರಕ್ಕೆ "ಎಷ್ಟು ಅಕ್ಷರ ಆಗಿವೆ?" ಎಂದು ಬರುವವರೆಲ್ಲ ಕೇಳುವ ಅವಸರ ಎಲ್ಲಿಂದ ಬಂತೋ ತಿಳಿಯದು.

ಅಂಗನವಾಡಿಯ ವಿಷಯವನ್ನು ಹೇಳದಿದ್ದರೆ ಈ ಪತ್ರ ಅಪೂರ್ಣವಾಗುತ್ತದೆ. 1975ರಲ್ಲಿ ತಿ. ನರಸೀಪುರದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದಾಗಿನಿಂದ, ಬಡವರ ಮಗುವಿಗೆ ಮನೆಯ ಹೊರಗಿನ ಮೊದಲ ಪರಿಚಿತ ಮುಖ ಅಂಗನವಾಡಿ ಕಾರ್ಯಕರ್ತೆಯದು. ನಾನು ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲಿ ಅಂಗನವಾಡಿ ಅದೇ ಕಾಂಪೌಂಡಿನೊಳಗೆ ಇತ್ತು, ನಡುವೆ ಒಂದು ಬೇವಿನ ಮರ. ಮೂರು ವರ್ಷ ಆ ಮಗುವಿಗೆ ಊಟ ಕೊಟ್ಟು, ಚಿಲಿಪಿಲಿ ಪುಸ್ತಕದ ಹಾಡು ಹಾಡಿಸಿ, ಮಲಗಿಸಿ ಎಬ್ಬಿಸಿದವರಿಗೆ, ಯಾವ ಮಗು ಯಾವುದಕ್ಕೆ ಹೆದರುತ್ತದೆ, ಯಾರ ಪಕ್ಕ ಕೂತರೆ ತೆಪ್ಪಗಿರುತ್ತದೆ ಎಂಬುದೆಲ್ಲ ಗೊತ್ತು. ಆದರೆ ಅವರದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ನಮ್ಮದು ಶಿಕ್ಷಣ ಇಲಾಖೆ. ಅವರಿಂದ ನಮಗೆ ಬರುವುದು ಹೆಸರುಗಳ ಪಟ್ಟಿಯೊಂದೇ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ವಿಚಾರದಲ್ಲಿ 2024ರಲ್ಲಿ ಅಂಗನವಾಡಿಯವರು ಬೀದಿಗಿಳಿಯಬೇಕಾಯಿತು. ಮಗು ಯಾರದು ಎಂಬ ಜಗಳ ನಡೆಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಗು ಹೇಗೆ ದಾಟಬೇಕೆಂಬುದು ಚರ್ಚೆಗೇ ಬರಲಿಲ್ಲ.

ಆದ್ದರಿಂದ ನನ್ನ ಮನವಿಗಳು ಇವು. ಮೊದಲನೆಯದು, ಶಾಲೆ ತೆರೆದ ದಿನದಿಂದ ಆರು ವಾರ, ಒಂದನೇ ತರಗತಿಯ ಹೊಣೆ ಹೊತ್ತ ಶಿಕ್ಷಕರನ್ನು ತರಬೇತಿ, ನಿಯೋಜನೆ, ಚುನಾವಣಾ ಕೆಲಸ, ಆನ್‌ಲೈನ್ ಮಾಹಿತಿ ತುಂಬುವಿಕೆ ಯಾವುದಕ್ಕೂ ತರಗತಿಯಿಂದ ಹೊರಗೆ ಕಳಿಸಬಾರದು. ತರಬೇತಿಯನ್ನು ಮೇ ಕೊನೆಯಲ್ಲಿ ಮಕ್ಕಳು ಬರುವ ಮೊದಲೇ ಮುಗಿಸಿ, ಇಲ್ಲವೇ ಆಗಸ್ಟ್‌ಗೆ ಇಡಿ. ಅತಿಥಿ ಶಿಕ್ಷಕರ ನೇಮಕ ತಡವಾಗುವ ಶಾಲೆಗಳಲ್ಲಿ ಖಾಲಿ ಉಳಿಯುವ ಕೋಣೆ ಒಂದನೇ ತರಗತಿಯದಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಹೊರಿಸಿ. ಆ ಆರು ವಾರ ಒಂದನೇ ತರಗತಿಯ ಮಕ್ಕಳಿಗೆ ಯಾವ ಮೌಲ್ಯಮಾಪನವೂ ಬೇಡ, ಭೇಟಿಗೆ ಬರುವ ಸಮೂಹ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಅಕ್ಷರದ ಲೆಕ್ಕ ಕೇಳದಿರಲಿ. ಬೇಕಿದ್ದರೆ ಎಷ್ಟು ಮಕ್ಕಳ ಹೆಸರು ಶಿಕ್ಷಕರಿಗೆ ಬಾಯಿಗೆ ಬರುತ್ತದೆ ಎಂದು ಕೇಳಲಿ.

ಎರಡನೆಯದಾಗಿ, ಮೊದಲ ವಾರಗಳಲ್ಲಿ ಅವ್ವನೋ ಅಜ್ಜಿಯೋ ಮಗುವಿನೊಂದಿಗೆ ತರಗತಿಯಲ್ಲಿ ಕೂರಲು ಬಯಸಿದರೆ ಅನುಮತಿ ಇದೆ ಎಂದು ಲಿಖಿತವಾಗಿ ತಿಳಿಸಿ. ಕೆಲವು ಶಾಲೆಗಳು ಬಿಡುತ್ತವೆ, ಕೆಲವು ಶಿಸ್ತಿನ ಹೆಸರಿನಲ್ಲಿ ಗೇಟಿನಲ್ಲೇ ತಡೆಯುತ್ತವೆ. ನನ್ನ ಅನುಭವದಲ್ಲಿ ಅಜ್ಜಿಯರು ನಾಲ್ಕನೆಯ ದಿನಕ್ಕೆ ತಾವಾಗಿಯೇ ಬೇಸತ್ತು ಮನೆಗೆ ಹೋಗುತ್ತಾರೆ. ಅಷ್ಟರಲ್ಲಿ ಮಗುವೂ ಆಟಕ್ಕೆ ಬಿದ್ದಿರುತ್ತದೆ. ಕೂಲಿಗೆ ಹೋಗುವ ತಾಯಂದಿರಿಗೆ ಇದು ಆಗದ ಮಾತು. ಅಂಥ ಮಕ್ಕಳಿಗೆ ಮೂರನೇ ತರಗತಿಯ ಒಬ್ಬ ಅಕ್ಕನನ್ನೋ ಅಣ್ಣನನ್ನೋ, ಸಾಧ್ಯವಾದರೆ ಅದೇ ಓಣಿಯವರನ್ನು, ಅದೇ ಮನೆಮಾತಿನವರನ್ನು, ಜೊತೆ ಮಾಡಲಿ.

ಮೂರನೆಯದಾಗಿ, ಎರಡೂ ಇಲಾಖೆಗಳು ಸೇರಿ ಜಂಟಿ ಸುತ್ತೋಲೆ ಹೊರಡಿಸಿ, ಪ್ರತಿ ಫೆಬ್ರುವರಿ ಮಾರ್ಚ್‌ನಲ್ಲಿ ಅಂಗನವಾಡಿಯ ಹಿರಿಯ ಮಕ್ಕಳು ವಾರಕ್ಕೊಂದು ದಿನ ತಮ್ಮ ಕಾರ್ಯಕರ್ತೆಯ ಜೊತೆಗೇ ಒಂದನೇ ತರಗತಿಗೆ ಬಂದು ಕೂತು, ಹಾಡಿ, ಬಿಸಿಯೂಟ ಮಾಡಿ ಹೋಗುವಂತೆ ಮಾಡಿ. ಏಪ್ರಿಲ್‌ನಲ್ಲಿ ಅರ್ಧ ದಿನ ಕಾರ್ಯಕರ್ತೆಯೂ ಶಿಕ್ಷಕಿಯೂ ಎದುರುಬದುರು ಕೂತು ಒಂದೊಂದು ಮಗುವಿನ ಬಗ್ಗೆ ಮಾತಾಡಲಿ. ಶೌಚಾಲಯದ ಬೀಗದ ಕೈ ಚಿಕ್ಕ ಮಕ್ಕಳಿಗೆ ಕೇಳದೆ ಸಿಗುವಂತಿದೆಯೇ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಶಾಲೆ ತೆರೆಯುವ ಮುನ್ನ ಒಮ್ಮೆ ನೋಡಲಿ.

ಹುಣಸೆಬೀಜದ ಕಥೆಯನ್ನು ಯಾಕೆ ಹೇಳಿದೆನೆಂದು ಈಗ ಹೇಳುತ್ತೇನೆ. ನನ್ನ ಮನವಿಯನ್ನು ಒಪ್ಪಿ ಇಲಾಖೆ "ಭಾವನಾತ್ಮಕ ಸಿದ್ಧತಾ ಅಭಿಯಾನ" ಎಂದು ಹೆಸರಿಟ್ಟು, ಕಿಟ್ ಹಂಚಿ, ಪ್ರತಿ ಮಗುವಿನ ಮನಸ್ಥಿತಿಯನ್ನು ಆ್ಯಪ್‌ನಲ್ಲಿ ದಿನವೂ ನಮೂದಿಸಲು ಹೇಳಿಬಿಟ್ಟರೆ ಎಂಬ ಅಳುಕು ನನಗಿದೆ. ದೆಹಲಿಯಲ್ಲಿ 2018ರಲ್ಲಿ ಮಕ್ಕಳ ಸಂತೋಷಕ್ಕೆಂದೇ ಪ್ರತ್ಯೇಕ ಪಠ್ಯಕ್ರಮ ತಂದು ಅವಧಿ ಮೀಸಲಿಟ್ಟರು. ಅದರ ಹಿಂದಿನ ಕಳಕಳಿಗೆ ನನ್ನ ಗೌರವವಿದೆ. ನಮ್ಮಲ್ಲಿ ಮಾತ್ರ ಅಂಥದ್ದು ಬಂದರೆ ಮೊದಲು ಹುಟ್ಟುವುದು ಅದರ ರಿಜಿಸ್ಟರ್. ಆಗ ರಾಜ್ಯದ ಎಲ್ಲ ಬೀಜಗಳೂ ನಗುವ ಮುಖದ ಕೆಳಗೇ ಬೀಳುತ್ತವೆ, ಶೇ. 100 ಸಾಧನೆಯ ವರದಿ ತಮ್ಮ ಮೇಜಿಗೆ ಬರುತ್ತದೆ. ನಾನು ಕೇಳುತ್ತಿರುವುದು ಶಿಕ್ಷಕಿಯ ಕೈಗೆ ಇನ್ನೊಂದು ಕಾಗದ ಕೊಡುವುದನ್ನಲ್ಲ, ಆರು ವಾರ ಅವಳ ಕೈಯಲ್ಲಿರುವ ಕಾಗದಗಳನ್ನು ತೆಗೆದುಕೊಳ್ಳುವುದನ್ನು.

ಇದಕ್ಕೆ ಹಣ ಹೆಚ್ಚು ಬೇಡ; ಏಪ್ರಿಲ್‌ನೊಳಗೆ ಹೊರಡುವ ಒಂದು ಸುತ್ತೋಲೆ, ಅದು ಪಾಲನೆಯಾಗುತ್ತಿದೆಯೇ ಎಂದು ಜೂನ್‌ನಲ್ಲಿ ನೋಡುವ ಮನಸ್ಸು ಸಾಕು. ನಮ್ಮೂರ ಶಾಲೆಯಲ್ಲಿ ಈಗ ಒಬ್ಬರೇ ಶಿಕ್ಷಕಿ ಮೂರು ತರಗತಿಗಳನ್ನು ನೋಡಿಕೊಳ್ಳುತ್ತಿದ್ದಾರೆ. ಬರುವ ವರ್ಷ ಶಾಲೆ ತೆರೆದ ದಿನದಿಂದ ಆರು ವಾರ, ಬೆಳಿಗ್ಗೆ ಪ್ರಾರ್ಥನೆಯಿಂದ ಬಿಸಿಯೂಟದವರೆಗೆ, ಗೌರವಧನವಿಲ್ಲದೆ ಆ ಕೋಣೆಯಲ್ಲಿ ಕೂರಲು ನಾನು ಸಿದ್ಧಳಿದ್ದೇನೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ಮೇಲಿನವರ ಅನುಮತಿ ಬೇಕಾಗುತ್ತದೆ ಎಂದರು. ಆ ಅನುಮತಿಯನ್ನೂ ಈ ಪತ್ರದ ಮೂಲಕವೇ ಕೇಳುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನಲಿ-ಕಲಿ ಶಿಕ್ಷಕಿ,
ಹಾವೇರಿ ಜಿಲ್ಲೆ

ಪ್ರತಿ: ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಮಾಹಿತಿಗಾಗಿ ಮತ್ತು ಕ್ರಮಕ್ಕಾಗಿ.